ಬೆಳಿಗ್ಗೆ ನಡುಗುವ ಹಳೇ ಕಾರು: ತಣ್ಣಗಿದ್ದಾಗಲೇ ಹಿಡಿಯಬೇಕಾದ ರೋಗ

ದಾವಣಗೆರೆಯ ಚಳಿ ದೊಡ್ಡ ಚಳಿಯೇನಲ್ಲ. ಡಿಸೆಂಬರ್ ಕೊನೆಯಲ್ಲಿ ಬೆಳಗಿನ ಹೊತ್ತು ಹದಿನೈದು ಹದಿನಾರು ಡಿಗ್ರಿಗೆ ಇಳಿದರೆ ಸಾಕು, ನಾವು ಮಂಕಿ ಟೋಪಿ ಹುಡುಕುತ್ತೇವೆ. ನನ್ನ 2003ರ ಮಾರುತಿ ಝೆನ್‌ಗೂ ಅಷ್ಟೇ ಚಳಿ ಸಾಕಾಗಿತ್ತು. ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಗೋದು, ಆಮೇಲೆ ಮಲೇರಿಯಾ ಬಂದವರ ಹಾಗೆ ಗಡಗಡ ನಡುಗೋದು. ಸ್ಟೇರಿಂಗ್ ಅದುರುತ್ತಿತ್ತು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ತಲೆ ಆಡಿಸುತ್ತಿದ್ದ, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ. ಎರಡು ಕಿಲೋಮೀಟರ್ ಓಡಿಸಿದರೆ ಎಲ್ಲ ಮಾಯ.

ಆ ಎರಡು ಕಿಲೋಮೀಟರೇ ನನಗೆ ಮುಳುವಾಯಿತು. ವಿದ್ಯಾನಗರದಿಂದ ಹಳೇ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಗಾಡಿ ಸಾಧುವಾಗಿರುತ್ತಿತ್ತು. "ಏನೂ ಇಲ್ರೀ ಸಾರ್, ಗಾಡಿ ಚಲೋ ಐತಿ" ಅನ್ನೋದು ಒಂದು ಕಡೆ. ಇನ್ನೊಂದು ಕಡೆ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಬದಲಾಯಿಸಿದರು, ಕೊನೆಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಹೋಗಿರಬಹುದು ಅಂದರು. ಇಸಿಯು ಅಂದಾಗ ನಾನು ಗಾಡಿ ವಾಪಸ್ ತಂದೆ.

ಕೊನೆಗೆ ದಾರಿ ತೋರಿಸಿದ್ದು ಒಬ್ಬ ವಯಸ್ಸಾದ ಮಿಸ್ತ್ರಿ. ಅವರು ಬಾನೆಟ್ ಎತ್ತಲೇ ಇಲ್ಲ. "ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗ್ರಿ ಸಾರ್. ಬೆಳಿಗ್ಗೆ ಮೊದಲನೇ ಸೆಲ್ಫ್ ನಾನೇ ಹೊಡೀತೀನಿ. ಅಲ್ಲಿ ತನಕ ಯಾರೂ ಕೀಲಿ ಮುಟ್ಟಬಾರ್ದು" ಅಂದರು. ಈ ಲೇಖನದಲ್ಲಿ ಮುಂದೆ ಬರೋದೆಲ್ಲ ಆ ಒಂದು ಮಾತಿನ ವಿಸ್ತಾರ.

ತಣ್ಣಗಿದ್ದಾಗ ಮಾತ್ರ ಯಾಕೆ?

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿ ಜೊತೆ ಬೆರೆತಾಗ ಉರಿಯುತ್ತೆ. ಎಂಜಿನ್ ತಣ್ಣಗಿದ್ದರೆ ಅರ್ಧ ಪೆಟ್ರೋಲ್ ಸಿಲಿಂಡರಿಗೆ ಗಾಳಿ ತರುವ ಮ್ಯಾನಿಫೋಲ್ಡ್ ಪೈಪಿನ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತೆ. ಅದಕ್ಕೇ ತಣ್ಣನೆ ಎಂಜಿನ್‌ಗೆ ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಕೊಡಬೇಕು, ಸ್ವಲ್ಪ ಹೆಚ್ಚು ಗಾಳಿ ಕೊಟ್ಟು ಆರ್‌ಪಿಎಂ ಏರಿಸಿಡಬೇಕು. ಕಾರ್ಬೊರೇಟರ್ ಗಾಡಿಯಲ್ಲಿ ಈ ಕೆಲಸ ಚೋಕ್‌ದು. ಎಂಪಿಎಫ್‌ಐ ಗಾಡಿಯಲ್ಲಿ, ಅಂದರೆ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿಯಲ್ಲಿ, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನದ ಸೆನ್ಸರ್ ಹೇಳಿದ್ದನ್ನು ನಂಬಿಕೊಂಡು ಇಸಿಯು ಮಾಡುತ್ತೆ.

ಬಿಸಿಯಾದ ಮೇಲೆ ಇಸಿಯುಗೆ ಇನ್ನೊಂದು ಕಣ್ಣು ಬರುತ್ತೆ, ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಅದು ಸುಮಾರು 300 ಡಿಗ್ರಿ ಕಾದ ಮೇಲೇ ಸರಿಯಾಗಿ ಕೆಲಸ ಮಾಡೋದು. ಆಮೇಲೆ ಎಲ್ಲೋ ಸ್ವಲ್ಪ ಗಾಳಿ ಸೋರುತ್ತಿದ್ದರೂ, ಒಂದು ಇಂಜೆಕ್ಟರ್ ಅರೆಬರೆ ಕಟ್ಟಿದ್ದರೂ, ಇಸಿಯು ಸರಿದೂಗಿಸಿ ಮುಚ್ಚಿಹಾಕುತ್ತೆ. ಮೊದಲ ಕೆಲವು ನಿಮಿಷ ಆ ಕಣ್ಣಿಲ್ಲ. ಮುಚ್ಚಿಟ್ಟಿದ್ದೆಲ್ಲ ಆಗ ಹೊರಗೆ ಬೀಳುತ್ತೆ. ಹಾಗಾಗಿ ರೋಗ ಹುಡುಕೋಕೆ ದಿನಕ್ಕೆ ಸಿಗೋದು ಒಂದೇ ಅವಕಾಶ, ಅದೂ ಎರಡು ಮೂರು ನಿಮಿಷ. ಒಮ್ಮೆ ಸ್ಟಾರ್ಟ್ ಮಾಡಿ ಬಿಸಿಯಾಯಿತು ಅಂದರೆ ಮತ್ತೆ ಎಂಟು ಗಂಟೆ ಕಾಯಬೇಕು.

ಇದರಿಂದ ಎರಡು ನಿಯಮ ಹುಟ್ಟುತ್ತವೆ. ದಿನಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿದ್ದನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಏನು ಬದಲಾಯಿಸಿದೆ, ಬೆಳಿಗ್ಗೆ ಹೇಗಿತ್ತು. ಒಂದೇ ಭಾನುವಾರ ಪ್ಲಗ್, ಫಿಲ್ಟರ್, ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಎಲ್ಲ ಮುಗಿಸಿಬಿಟ್ಟರೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಗೊತ್ತಾಗಲ್ಲ, ಕೆಟ್ಟರಂತೂ ಕೇಳಲೇಬೇಡಿ.

ಮೊದಲ ಬೆಳಿಗ್ಗೆ: ಕೈ ಹಾಕಬೇಡಿ, ನೋಡಿ

ಗಾಡಿ ಬಯಲಲ್ಲಿರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ. ಲುಂಗಿ, ಶಾಲು, ದುಪ್ಪಟ್ಟಾ ಫ್ಯಾನ್ ಬೆಲ್ಟಿನಿಂದ ದೂರವಿರಲಿ. ಎಸಿ, ಲೈಟು, ಬ್ಲೋವರ್ ಎಲ್ಲ ಬಂದ್.

ಸೆಲ್ಫ್ ಹೊಡೆಯುವ ಮೊದಲು ಕೂಲಂಟ್ ಮಟ್ಟ ನೋಡಿ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮುಟ್ಟದೆ ಕೇಳಿಸಿಕೊಳ್ಳಿ. ಆರೋಗ್ಯವಾಗಿರುವ ಎಂಪಿಎಫ್‌ಐ ಗಾಡಿ ನಮ್ಮ ಚಳಿಯಲ್ಲಿ 1200ರಿಂದ 1500 ಆರ್‌ಪಿಎಂಗೆ ಏರಿ, ಬಿಸಿಯಾದ ಹಾಗೆ ಮೆಲ್ಲಗೆ 800–900ಕ್ಕೆ ಇಳಿಯುತ್ತೆ. ಟ್ಯಾಕೋಮೀಟರ್ ಇಲ್ಲದಿದ್ದರೆ ಕಿವಿಯೇ ಮೀಟರ್. ಇಲ್ಲಿ ನೀವು ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು. ಆರ್‌ಪಿಎಂ ಏರದೆ ಕೆಳಗೇ ಉಳಿದು ನಡುಗುತ್ತಾ? ಏರಿದರೂ ಮಿಸ್ಸಿಂಗ್ ಹೊಡೆಯುತ್ತಾ, ಅಂದರೆ ನಡುನಡುವೆ ಉರಿ ತಪ್ಪುತ್ತಾ? ಅಥವಾ ಏರಿ ಇಳಿದು, ಏರಿ ಇಳಿದು ಉಸಿರಾಡೋ ಹಾಗೆ ಮಾಡುತ್ತಾ? ಏರದಿದ್ದರೆ ಗಾಳಿ ದಾರಿ ಕಟ್ಟಿದೆ ಅಥವಾ ಆಕ್ಸಿಲರೇಟರ್ ಒತ್ತದಿದ್ದಾಗ ಗಾಳಿ ಬಿಡುವ ಐಡ್ಲಿಂಗ್ ವಾಲ್ವ್ ಅಂಟಿದೆ. ಏರಿಯೂ ಒಂದೇ ಲಯದಲ್ಲಿ ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಸತ್ತಿದೆ. ಉಸಿರಾಡುತ್ತಿದ್ದರೆ ಎಲ್ಲೋ ಗಾಳಿ ಸೋರಿಕೆ.

ಸೈಲೆನ್ಸರ್ ಹಿಂದೆ ಹೋಗಿ. ಬಿಳಿ ಆವಿ ಎರಡು ನಿಮಿಷ ಬಂದು ನಿಂತರೆ ಅದು ನೀರಿನ ಆವಿ, ಚಿಂತೆ ಬೇಡ. ನಿಲ್ಲದೆ ಬರುತ್ತಿದ್ದು ಸಿಹಿ ವಾಸನೆಯಿದ್ದರೆ ಕೂಲಂಟ್ ಉರಿಯುತ್ತಿದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಜಾಸ್ತಿ. ಸ್ಟಾರ್ಟ್ ಮಾಡಿದ ಕೂಡಲೇ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿ ರಾತ್ರಿಯೆಲ್ಲ ಆಯಿಲ್ ಇಳಿದಿದೆ. ಒಂದು ಕಾಗದವನ್ನು ಪೈಪಿನ ಬಾಯಿಗೆ ಸ್ವಲ್ಪ ದೂರ ಹಿಡಿಯಿರಿ. ಸಮನಾಗಿ ಪಟಪಟ ಹೊರಗೆ ತಳ್ಳಬೇಕು. ನಡುನಡುವೆ ಒಳಗೆ ಎಳೆದುಕೊಂಡರೆ ಮಿಸ್ಸಿಂಗ್ ಇದೆ, ಅಥವಾ ಎಗ್ಜಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಕಾಗದ ನೆಟ್ಟಗೆ ಹಾರುತ್ತಿದೆ, ಗಾಡಿ ಮಾತ್ರ ಅದುರುತ್ತಿದೆ ಅಂದರೆ ಎಂಜಿನ್ ಮೌಂಟಿಂಗ್ ರಬ್ಬರ್ ಕಡೆ ನೋಡಿ. ಹಳೇ ರಬ್ಬರ್ ಚಳಿಗೆ ಕಲ್ಲಾಗುತ್ತೆ, ಎಂಜಿನ್ ಪಾಪ ಸರಿಯಾಗೇ ಇರುತ್ತೆ.

ಸತ್ತ ಸಿಲಿಂಡರ್ ಯಾವುದು?

ಈ ಉಪಾಯ ಮಿಸ್ತ್ರಿ ಕಲಿಸಿದ್ದು, ತಣ್ಣನೆ ಎಂಜಿನ್ ಮೇಲೆ ಮಾತ್ರ ನಡೆಯುತ್ತೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ಸಿಲಿಂಡರುಗಳ ಹೊಗೆ ಹೊರಗೆ ಒಯ್ಯುವ ಎಗ್ಜಾಸ್ಟ್ ಮ್ಯಾನಿಫೋಲ್ಡಿನ ಒಂದೊಂದು ಕೊಂಬಿನ ಮೇಲೂ ಬ್ರಶ್ಶಿನಿಂದ ಒಂದೊಂದು ಹನಿ ನೀರು ಹಾಕಿ. ಉರಿಯುತ್ತಿರುವ ಸಿಲಿಂಡರಿನ ಕೊಂಬು ಆಗಲೇ ಕಾದು ಚುಂಯ್ ಅನ್ನುತ್ತೆ. ಸತ್ತ ಸಿಲಿಂಡರಿನದು ಹನಿಯನ್ನು ಹಾಗೇ ಹೊತ್ತು ನಿಂತಿರುತ್ತೆ. ಕೆಲವು ಗಾಡಿಗಳಲ್ಲಿ ಮ್ಯಾನಿಫೋಲ್ಡ್ ಮೇಲೆ ತಗಡಿನ ಮುಚ್ಚಳವಿರುತ್ತೆ, ಅದನ್ನು ಹಿಂದಿನ ದಿನವೇ ಬಿಚ್ಚಿಟ್ಟಿರಬೇಕು. ಬೆರಳು ಇಟ್ಟು ನೋಡೋ ಸಾಹಸ ಬೇಡ.

ಓಡುವ ಎಂಜಿನ್‌ನಲ್ಲಿ ಪ್ಲಗ್ ವೈರ್ ಒಂದೊಂದೇ ಕಿತ್ತು ನೋಡೋದು ಹಳೇ ಅಂಬಾಸಿಡರ್ ಕಾಲದ ಪದ್ಧತಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಕೈಗೆ ಜೋರು ಶಾಕ್, ಕಾಯಿಲ್‌ಗೂ ಅಪಾಯ. ಎಂಪಿಎಫ್‌ಐನಲ್ಲಿ ಅದರ ಬದಲು ಇಂಜೆಕ್ಟರಿನ ಕನೆಕ್ಟರ್ ಒಂದೊಂದಾಗಿ ತೆಗೆದು ಹಾಕಿ. ತೆಗೆದಾಗ ನಡುಕ ಹೆಚ್ಚಾದರೆ ಆ ಸಿಲಿಂಡರ್ ದುಡಿಯುತ್ತಿತ್ತು. ತೆಗೆದರೂ ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಳ್ಳ. ಚೆಕ್ ಎಂಜಿನ್ ಲೈಟ್ ಹತ್ತಬಹುದು, ಗಾಬರಿ ಬೇಡ, ಆಮೇಲೆ ಅಳಿಸಬಹುದು.

ಎರಡನೇ ದಿನ: ಪ್ಲಗ್ಗು, ವೈರು

ಎಂಜಿನ್ ತಣ್ಣಗಿದ್ದಾಗ ಪ್ಲಗ್ ಬಿಚ್ಚಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರುತ್ತೆ. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಿರಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಅಂತ ಸಾಲಾಗಿ ಇಡಿ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಜಾಸ್ತಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿ ಬರುತ್ತಿಲ್ಲ. ಬೂದಿಯಂಥ ಬಿಳುಪು ಇದ್ದರೆ ಗಾಳಿ ಜಾಸ್ತಿ. ಜಿಡ್ಡಾಗಿದ್ದರೆ ಆಯಿಲ್ ಏರುತ್ತಿದೆ. ನಾಲ್ಕರಲ್ಲಿ ನಾಲ್ಕೂ ಕಪ್ಪಾಗಿದ್ದರೆ ರೋಗ ಪ್ಲಗ್ಗಿನದಲ್ಲ, ಎಲ್ಲಕ್ಕೂ ಪೆಟ್ರೋಲ್ ಹೆಚ್ಚು ಕೊಡುತ್ತಿರುವವನದು. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನದು. ನನ್ನ ಗಾಡಿಯಲ್ಲಿ ನಾಲ್ಕೂ ಮಂಡಕ್ಕಿ ಭಟ್ಟಿಯ ಗೋಡೆಯ ಹಾಗಿದ್ದವು. ಹೊಸ ಪ್ಲಗ್ ಹಾಕಿ ಹದಿನೈದು ದಿನವೂ ಆಗಿರಲಿಲ್ಲ. ಹಿಂದಿನ ಗ್ಯಾರೇಜಿನವರು ಇದನ್ನು ನೋಡಿದ್ದರೆ ಕಾಯಿಲ್ ದುಡ್ಡು ಉಳಿಯುತ್ತಿತ್ತು.

ಗ್ಯಾಪ್ ಅಳೆಯೋಕೆ ಫೀಲರ್ ಗೇಜ್ ಕೊಳ್ಳಿ. ಹಳೇ ಕಾರ್ಬೊರೇಟರ್ ಗಾಡಿಗಳಲ್ಲಿ 0.7–0.8 ಮಿ.ಮೀ., ಎಂಪಿಎಫ್‌ಐ ಗಾಡಿಗಳಲ್ಲಿ ಹೆಚ್ಚಾಗಿ 1.0–1.1 ಮಿ.ಮೀ. ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತೋ ಅದೇ ಕೊನೆ ಮಾತು. ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಪೂರ್ತಿ ಕೂರಿಸಿ, ಆಮೇಲೆ ಪಾನಾದಿಂದ ಅರ್ಧ ಸುತ್ತು. ಮೈಬಲ ತೋರಿಸುವ ಜಾಗ ಇದಲ್ಲ. ಇರಿಡಿಯಂ ಪ್ಲಗ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅನ್ನುವವರನ್ನು ನಾನು ನಂಬಲ್ಲ. ನಕಲಿ ಪ್ಲಗ್ಗಿನ ಬಗ್ಗೆ ಮಾತ್ರ ಎಚ್ಚರ, ಪರಿಚಯದ ಅಂಗಡಿಯಲ್ಲೇ ಕೊಳ್ಳಿ.

ವೈರ್ ಪರೀಕ್ಷೆ ಕತ್ತಲಲ್ಲಿ ಆಗಬೇಕು. ಬೆಳಗಿನ ಐದು ಗಂಟೆಗೆ ಬಾನೆಟ್ ಎತ್ತಿ, ಲೈಟ್ ಆರಿಸಿ, ಸ್ಟಾರ್ಟ್ ಮಾಡಿಸಿ. ಇಸ್ತ್ರಿ ಅಂಗಡಿಯವರು ಬಳಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್‌ಗಳ ಮೇಲೆ ತೆಳ್ಳಗೆ ನೀರಿನ ಮಂಜು ಹಾಕಿ. ಇನ್ಸುಲೇಷನ್ ಹಾಳಾಗಿದ್ದರೆ ವೈರಿನಿಂದ ಹೆಡ್‌ಗೆ ನೀಲಿ ಕಿಡಿ ಹಾರೋದು ಕಣ್ಣಿಗೇ ಕಾಣುತ್ತೆ, ನಡುಕವೂ ಹೆಚ್ಚುತ್ತೆ. ಕಂಡರೆ ಪೂರ್ತಿ ಸೆಟ್ ಬದಲಾಯಿಸಿ. ಎಂಜಿನ್ ಓಡುವಾಗ ವೈರ್ ಮುಟ್ಟಬೇಡಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಾದರೆ ಕ್ಯಾಪ್ ಬಿಚ್ಚಿ ಒಳಗೆ ತೇವ, ಬಿರುಕು, ಹಸಿರು ತುಕ್ಕು ನೋಡಿ. ಚಳಿಗಾಲದ ಇಬ್ಬನಿ ಆ ಬಿರುಕಿಗೆ ಸಾಕು, ಬಿಸಿಯಾದ ಮೇಲೆ ತೇವ ಆರಿ ಗಾಡಿ ಸರಿಯಾಗುತ್ತೆ.

ಇದೇ ಹೊತ್ತಿಗೆ ಬ್ಯಾಟರಿಗೂ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ನಿಂತಿದ್ದ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.4. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಹೋದರೆ ಬ್ಯಾಟರಿ ಸೋತಿದೆ. ಸೋತ ಬ್ಯಾಟರಿ ತುಂಬಿಸುವ ಭಾರಕ್ಕೇ ಆಲ್ಟರ್ನೇಟರ್ ಎಂಜಿನ್ನನ್ನು ಎಳೆದು ಕೆಡವುತ್ತೆ.

ಗಾಳಿ: ಸೋರುವುದು, ಕಟ್ಟಿಕೊಳ್ಳುವುದು

ಏರ್ ಫಿಲ್ಟರ್ ಬಗ್ಗೆ ಉದ್ದ ಹೇಳಲ್ಲ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಸುತ್ತ ಒಂದು ತಿಂಗಳು ಓಡಾಡಿದರೆ ಫಿಲ್ಟರ್ ಬಣ್ಣವೇ ಬೇರೆಯಾಗುತ್ತೆ. ಬದಲಾಯಿಸಿ, ಮುಂದೆ ಹೋಗಿ.

ಆ ಡಬ್ಬಿ ತೆಗೆದಾಗ ಇಲಿ ನೋಡಿ. ತಮಾಷೆಯಲ್ಲ. ಚಳಿಗಾಲದಲ್ಲಿ ಬೆಚ್ಚನೆ ಎಂಜಿನ್ ಮೇಲೆ ಮಲಗೋಕೆ ಬರುವ ಇಲಿ ವ್ಯಾಕ್ಯೂಮ್ ಹೋಸ್, ಸೆನ್ಸರ್ ವೈರ್ ಎರಡನ್ನೂ ಕಡಿದಿಡುತ್ತೆ. ಮೆಕ್ಕೆಜೋಳ, ಭತ್ತದ ಚೀಲ ಇರುವ ಮನೆಯ ಪಕ್ಕ ಗಾಡಿ ನಿಲ್ಲಿಸುವವರು ಮೊದಲು ಇದನ್ನೇ ನೋಡಬೇಕು. ಅರ್ಧ ರೋಗ ಟಾರ್ಚ್ ಬೆಳಕಿಗೇ ಸಿಗುತ್ತೆ.

ಹೋಸ್‌ಗಳನ್ನು ಒಂದೊಂದೇ ಬಾಗಿಸಿ ನೋಡಿ. ಇಪ್ಪತ್ತು ವರ್ಷದ ರಬ್ಬರ್ ತುದಿಯಲ್ಲಿ ಸೀಳಿರುತ್ತೆ. ಎಂಜಿನ್ ಓಡುವಾಗ ಬುಸ್ ಅನ್ನೋ ಸದ್ದು ಕೇಳಿ. ಒಂದು ಮೊಳ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಹೋಸ್ ಜೋಡಣೆಗಳ ಸುತ್ತ ಆಡಿಸಿದರೆ ಡಾಕ್ಟರ ಸ್ಟೆತಾಸ್ಕೋಪ್ ಹಾಗೆ ಕೆಲಸ ಮಾಡುತ್ತೆ. ಬ್ರೇಕ್ ಒತ್ತಿ ಹಿಡಿದಾಗ ಐಡ್ಲಿಂಗ್ ಬದಲಾಗಿ ಹಾಗೇ ಉಳಿದರೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಅಥವಾ ಅದರ ಹೋಸ್ ಸೋರುತ್ತಿದೆ. ಇದು ಬರೀ ನಡುಕದ ಮಾತಲ್ಲ, ಬ್ರೇಕಿನ ಮಾತು, ಮುಂದೂಡಬೇಡಿ. ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಮರಳಿಸುವ ಪಿಸಿವಿ ವಾಲ್ವ್ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಟಿಕ್‌ಟಿಕ್ ಅನ್ನದಿದ್ದರೆ ಅಂಟಿದೆ.

ಕೆಲವರು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಾರೆ. ಸೋರುವ ಜಾಗಕ್ಕೆ ಬಿದ್ದರೆ ಆರ್‌ಪಿಎಂ ಬದಲಾಗುತ್ತೆ ನಿಜ. ಆದರೆ ಅದು ಬೆಂಕಿ ಹಿಡಿಯುವ ವಸ್ತು, ಪಕ್ಕದಲ್ಲೇ ಕಾಯುತ್ತಿರುವ ಎಗ್ಜಾಸ್ಟ್, ಮೇಲೆ ಹಳೇ ಪ್ಲಗ್ ವೈರಿನ ಕಿಡಿ. ನಾನು ಸ್ಪ್ರೇ ಬಾಟಲಿಯ ನೀರನ್ನೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿಗೆ ಹೊಡೆಯುತ್ತೇನೆ. ನೀರು ಒಂದು ಕ್ಷಣ ಸೋರಿಕೆ ಮುಚ್ಚಿ ಸದ್ದು ಬದಲಾದರೆ ಸಾಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ತಣ್ಣಗಿದ್ದಾಗ ಸೋರಿ, ಬಿಸಿಗೆ ಲೋಹ ಹಿಗ್ಗಿದ ಮೇಲೆ ತಾನೇ ಮುಚ್ಚಿಕೊಳ್ಳುವುದುಂಟು. ಬೆಳಿಗ್ಗೆ ಮಾತ್ರ ಕಾಣುವ ರೋಗಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಒಂದು ಮಾತು ನೆನಪಿಡಿ. ಮಾರುತಿಯ ಹಳೇ ಎಂಪಿಎಫ್‌ಐ ಗಾಡಿಗಳಲ್ಲಿ ಹೆಚ್ಚಾಗಿ ಇರೋದು ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒತ್ತಡ ಅಳೆದು ಪೆಟ್ರೋಲ್ ಕೊಡುವ ಪದ್ಧತಿ. ಇಂಥ ಗಾಡಿಯಲ್ಲಿ ಗಾಳಿ ಸೋರಿದರೆ ಐಡ್ಲಿಂಗ್ ಸಾಮಾನ್ಯವಾಗಿ ಮೇಲೇರುತ್ತೆ. ಕೆಳಗಿಳಿದು ನಡುಗುತ್ತಿದ್ದರೆ ಸೋರಿಕೆ ಬಿಟ್ಟು ಥ್ರಾಟಲ್ ಬಾಡಿ ಕಡೆ ಬನ್ನಿ.

ಥ್ರಾಟಲ್ ಬಾಡಿಯ ಒಳಗೆ ತಿರುಗುವ ತಟ್ಟೆಯ, ಅಂದರೆ ಬಟರ್‌ಫ್ಲೈ ಸುತ್ತ ಕಪ್ಪು ಉಂಗುರದ ಹಾಗೆ ಕೊಳೆ ಕೂತಿರುತ್ತೆ. ಎಂಜಿನ್ ಆರಿಸಿ, ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಒರೆಸಿ. ಸ್ಪ್ರೇಯನ್ನು ನೇರ ಒಳಗೆ ಸುರಿಯಬೇಡಿ. ಐಡ್ಲಿಂಗ್ ವಾಲ್ವ್ ಬಿಚ್ಚಲು ಬಂದರೆ ಬಿಚ್ಚಿ ಅದರ ಮೂತಿ ಮತ್ತು ದಾರಿ ತೊಳೆಯಿರಿ, ವಿದ್ಯುತ್ ಭಾಗ ನೆನೆಯಬಾರದು, ಹಳೇ ಓರಿಂಗ್ ಮತ್ತೆ ಹಾಕಬಾರದು. ಬಟರ್‌ಫ್ಲೈ ನಿಲ್ಲುವ ಪುಟ್ಟ ಸ್ಕ್ರೂ ಇರುತ್ತೆ, ಕಂಪನಿಯಲ್ಲೇ ಬಣ್ಣ ಹಚ್ಚಿ ಸೀಲ್ ಮಾಡಿರುತ್ತಾರೆ. ಅದಕ್ಕೆ ಕೈ ಹಾಕಬೇಡಿ. ಊರಿನ ಅರ್ಧ ಹಳೇ ಗಾಡಿಗಳ ಐಡ್ಲಿಂಗ್ ಕೆಟ್ಟಿರೋದು ಆ ಸ್ಕ್ರೂ ತಿರುಗಿಸಿದ್ದರಿಂದ ಅಂತ ನನ್ನ ಗುಮಾನಿ.

ನೀರು: ನಮ್ಮ ಸೀಮೆಯ ಸ್ವಂತ ರೋಗ

ಈಗ ಬರೋದು ನನ್ನ ಗಾಡಿಯ ಅಸಲಿ ಕಥೆ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು ಕಡೆ ಏಪ್ರಿಲ್ ಬಂತೆಂದರೆ ಹಳೇ ಗಾಡಿಗಳಿಗೆ ಹೀಟಿಂಗ್ ಕಾಟ. ಗ್ಯಾರೇಜಿಗೆ ಹೋದರೆ ಸುಲಭದ ಪರಿಹಾರ ಒಂದಿದೆ, ಥರ್ಮೋಸ್ಟಾಟ್ ವಾಲ್ವ್ ಕಿತ್ತು ಎಸೆಯೋದು. "ನಮ್ಮ ಬಿಸಿಲಿಗೆ ಇದೆಲ್ಲ ಬ್ಯಾಡ ಬಿಡ್ರಿ" ಅಂತ. ರೇಡಿಯೇಟರಿಗೆ ಬೋರ್‌ವೆಲ್ ನೀರು. ಬೇಸಿಗೆ ಕಳೆಯುತ್ತೆ, ಎಲ್ಲರೂ ಮರೆಯುತ್ತಾರೆ. ನನ್ನ ಗಾಡಿಗೂ ಯಾವುದೋ ಬೇಸಿಗೆಯಲ್ಲಿ ಈ ಉಪಚಾರ ಆಗಿತ್ತು.

ಡಿಸೆಂಬರಿನಲ್ಲಿ ಅದರ ಬಡ್ಡಿ ಕಟ್ಟಬೇಕು. ಥರ್ಮೋಸ್ಟಾಟ್ ಕೆಲಸ ಎಂಜಿನ್ ಬೇಗ ಕಾಯುವ ಹಾಗೆ ನೋಡಿಕೊಳ್ಳೋದು. ಬಹುತೇಕ ಗಾಡಿಗಳಲ್ಲಿ 82ರಿಂದ 88 ಡಿಗ್ರಿ ಬರುವ ತನಕ ಅದು ನೀರನ್ನು ರೇಡಿಯೇಟರಿಗೆ ಬಿಡೋದಿಲ್ಲ. ಅದಿಲ್ಲದಿದ್ದರೆ ಮೊದಲ ಕ್ಷಣದಿಂದ ನೀರು ರೇಡಿಯೇಟರ್ ಸುತ್ತಿ ತಣ್ಣಗಾಗುತ್ತಲೇ ಇರುತ್ತೆ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಗಾಳಿಗೆ ಎದುರಾಗಿ ಹೆದ್ದಾರಿಯಲ್ಲಿ ಓಡಿಸಿದರಂತೂ ಸೂಜಿ ಮೇಲೇಳುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತಲೇ ಹೋಗುತ್ತೆ, ಪ್ಲಗ್ ಮಸಿ ಹಿಡಿಯುತ್ತೆ, ಮರುದಿನ ಬೆಳಿಗ್ಗೆ ಮಸಿ ಹಿಡಿದ ಪ್ಲಗ್ಗಿನಲ್ಲಿ ತಣ್ಣನೆ ಎಂಜಿನ್ ಏಳಬೇಕು. ನಡುಗದೆ ಏನು ಮಾಡೀತು?

ಪರೀಕ್ಷೆ ಸುಲಭ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಇದ್ದರೆ ಕೆಲವು ನಿಮಿಷ ಹೋಸ್ ತಣ್ಣಗೇ ಇದ್ದು ಆಮೇಲೆ ಇದ್ದಕ್ಕಿದ್ದ ಹಾಗೆ ಬಿಸಿಯಾಗುತ್ತೆ. ಇಲ್ಲದಿದ್ದರೆ ಮೊದಲಿಂದಲೇ ಉಗುರುಬೆಚ್ಚಗೆ ಆಗುತ್ತಾ ಬರುತ್ತೆ. ಹೊಸ ವಾಲ್ವ್ ಕೆಲವು ನೂರು ರೂಪಾಯಿಯ ಸಾಮಾನು. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಕುದಿಯುವ ಮುನ್ನ ಬಾಯಿ ತೆರೆಯುತ್ತಾ ನೋಡಿ. ಅಡುಗೆಮನೆಯಲ್ಲಿ ಇದನ್ನು ಮಾಡುವಾಗ ಹಳೇ ಪಾತ್ರೆ ಬಳಸಿ, ನನ್ನ ಮನೆಯಲ್ಲಿ ಈ ವಿಷಯಕ್ಕೆ ಆದ ಮಾತುಕತೆ ಇಲ್ಲಿ ಬೇಡ. ವಾಲ್ವ್ ಹಾಕಿದ ಮೇಲೂ ಬೇಸಿಗೆಯಲ್ಲಿ ಹೀಟಿಂಗ್ ಬಂದರೆ ರೇಡಿಯೇಟರ್ ಕಟ್ಟಿದೆ ಅಥವಾ ಫ್ಯಾನ್ ಓಡುತ್ತಿಲ್ಲ, ಅದನ್ನು ಸರಿಮಾಡಿಸಿ.

ಎರಡನೆಯದು ಕೂಲಂಟ್ ತಾಪಮಾನದ ಸೆನ್ಸರ್. ಬೋರ್‌ವೆಲ್ ನೀರಿನ ಬಿಳಿ ಹಕ್ಕಳೆ ಸ್ನಾನದ ಮನೆಯ ಗೀಜರಿನಲ್ಲಿ ಹೇಗೆ ಕೂರುತ್ತೋ ಇದರ ಮೂತಿಯ ಮೇಲೂ ಹಾಗೇ ಕೂರುತ್ತೆ. ಸೋರಿದ ನೀರು ಕನೆಕ್ಟರಿನ ಪಿನ್‌ಗಳನ್ನು ಹಸಿರಾಗಿಸುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕನೆಕ್ಟರ್ ತೆಗೆದು ಮಲ್ಟಿಮೀಟರಿನಿಂದ ಸೆನ್ಸರಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಬಹಳಷ್ಟು ಗಾಡಿಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತೆ. ನನ್ನದು ಆ ಬೆಳಿಗ್ಗೆ 6 ಕಿಲೋ ಓಮ್ ತೋರಿಸಿತು. ಅಂದರೆ ಗಾಡಿ ವಿದ್ಯಾನಗರದಲ್ಲಿದ್ದರೂ ಇಸಿಯು ಲೆಕ್ಕದಲ್ಲಿ ಅದು ಶಿಮ್ಲಾದಲ್ಲಿ ಮಂಜುಗಡ್ಡೆಯ ನಡುವೆ ನಿಂತಿತ್ತು. ಆ ಲೆಕ್ಕಕ್ಕೇ ಪೆಟ್ರೋಲ್ ಬರುತ್ತಿತ್ತು. ಉಲ್ಟಾ ತಪ್ಪೂ ಆಗುತ್ತೆ. ತಣ್ಣಗಿದ್ದಾಗಲೇ 300–400 ಓಮ್ ತೋರಿಸಿದರೆ ಇಸಿಯು ಎಂಜಿನ್ ಬಿಸಿಯಾಗಿದೆ ಅಂದುಕೊಂಡು ಹೆಚ್ಚಿನ ಪೆಟ್ರೋಲ್ ಕೊಡೋದೇ ಇಲ್ಲ, ಗಾಡಿ ಎದ್ದು ಎದ್ದು ಸಾಯುತ್ತೆ.

ಸ್ಕ್ಯಾನರ್ ಇದ್ದರೆ ಇನ್ನೂ ಸುಲಭ. ಕೀಲಿ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಕೂಲಂಟ್ ತಾಪಮಾನ ಓದಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅದು ಹೊರಗಿನ ಗಾಳಿಯಷ್ಟೇ ಇರಬೇಕು. ಆದರೆ ಭಾರತದಲ್ಲಿ ಓಬಿಡಿ, ಅಂದರೆ ಗಾಡಿಯೇ ತನ್ನ ದೋಷ ದಾಖಲಿಸಿಡುವ ವ್ಯವಸ್ಥೆ, ಕಡ್ಡಾಯವಾಗತೊಡಗಿದ್ದು 2010ರಿಂದ. ಅದಕ್ಕೂ ಹಿಂದಿನ ಗಾಡಿಗೆ ಆನ್‌ಲೈನಿನ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತರಿಸುವ ಮುನ್ನ ಯೋಚಿಸಿ, ಮಲ್ಟಿಮೀಟರ್ ಯಾವ ಗಾಡಿಯ ಜೊತೆಗೂ ಮಾತಾಡುತ್ತೆ.

ಹಲವು ಹಳೇ ಎಂಜಿನ್‌ಗಳಲ್ಲಿ ತಣ್ಣನೆ ಐಡ್ಲಿಂಗ್ ಏರಿಸಲು ಮೇಣ ತುಂಬಿದ ಒಂದು ವಾಲ್ವ್ ಇರುತ್ತೆ, ಕೂಲಂಟ್ ಅದನ್ನು ಸುತ್ತಿ ಹೋಗುತ್ತೆ. ಹಕ್ಕಳೆಗೆ ಅದರ ದಾರಿಯೂ ಕಟ್ಟುತ್ತೆ, ಕೂಲಂಟ್ ಕಡಿಮೆಯಾಗಿ ಗಾಳಿ ಸೇರಿದರೂ ಅದು ಹಾದಿ ತಪ್ಪುತ್ತೆ. ಆದ್ದರಿಂದ ಒಮ್ಮೆ ಪೂರ್ತಿ ತೊಳೆಸಿ, ರೆಡಿಮಿಕ್ಸ್ ಕೂಲಂಟ್ ಅಥವಾ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿದ್ದು ತುಂಬಿ, ಗಾಳಿ ತೆಗೆಯಿರಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆರೆಯಬೇಡಿ.

ಪೆಟ್ರೋಲ್

ಒಂದು ಸಣ್ಣ ಪರೀಕ್ಷೆ: ಸೆಲ್ಫ್ ಹೊಡೆಯುವ ಮೊದಲು ಕೀಲಿಯನ್ನು ಮೂರು ಸಲ ಆನ್ ಮಾಡಿ ಆಫ್ ಮಾಡಿ, ಪ್ರತಿ ಸಲ ಎರಡು ಸೆಕೆಂಡ್ ಪಂಪ್ ಗುಂಯ್‌ಗುಟ್ಟಲು ಬಿಡಿ. ಹಾಗೆ ಮಾಡಿದ ದಿನ ಮಾತ್ರ ಗಾಡಿ ಸರಿಯಾಗಿ ಎದ್ದರೆ ರಾತ್ರಿ ಲೈನಿನ ಒತ್ತಡ ಇಳಿದುಹೋಗುತ್ತಿದೆ. ಪಂಪಿನ ವಾಲ್ವ್, ಒತ್ತಡ ಕಾಯುವ ರೆಗ್ಯುಲೇಟರ್ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್, ಈ ಮೂರರಲ್ಲಿ ಒಂದು. ಎಂಪಿಎಫ್‌ಐ ಲೈನಿನಲ್ಲಿ ಚದರ ಸೆಂಟಿಮೀಟರಿಗೆ ಎರಡೂವರೆ ಮೂರು ಕೆ.ಜಿ. ಒತ್ತಡವಿರುತ್ತೆ, ಹೋಸ್ ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ20. ನಮ್ಮ ಹೊಲದ ಮೆಕ್ಕೆಜೋಳದಿಂದಲೂ ಎಥನಾಲ್ ಮಾಡುವ ಕಾಲ ಇದು, ಹಾಗಾಗಿ ಇದನ್ನು ಬೈಯುವಾಗ ಸ್ವಲ್ಪ ಮುಜುಗರ. ಆದರೆ ಲೆಕ್ಕ ಲೆಕ್ಕವೇ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5ರ ಆಸುಪಾಸು ಸಾಕು. ಅದೇ ಗಾಳಿಗೆ ಹೆಚ್ಚು ಇಂಧನ ಬೇಕು ಅಂತ ಅರ್ಥ. ಬಿಸಿಯಾದ ಎಂಪಿಎಫ್‌ಐ ಗಾಡಿ ಆಕ್ಸಿಜನ್ ಸೆನ್ಸರ್ ನೋಡಿ ಸರಿದೂಗಿಸುತ್ತೆ. ತಣ್ಣನೆ ಎಂಜಿನ್ ಹಳೇ ಲೆಕ್ಕದಲ್ಲೇ ಕೊಡುತ್ತೆ, ಜೊತೆಗೆ ಎಥನಾಲ್ ಆವಿಯಾಗಲು ಹೆಚ್ಚು ಶಾಖ ಎಳೆದುಕೊಳ್ಳುತ್ತೆ. ಕಾರ್ಬೊರೇಟರಿಗಂತೂ ಸರಿದೂಗಿಸುವ ದಾರಿಯೇ ಇಲ್ಲ. ಹಳೇ ರಬ್ಬರ್ ಪೆಟ್ರೋಲ್ ಹೋಸ್‌ಗಳನ್ನು ಬದಲಾಯಿಸಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್ ನಂಬಬೇಡಿ, ಎಥನಾಲ್ ನೀರು ಹೀರುತ್ತೆ. ಗ್ಯಾಸ್ ಕಿಟ್ ಹಾಕಿಸಿ ಪೆಟ್ರೋಲನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಲು ಮಾತ್ರ ಬಳಸುವ ಓಮ್ನಿ, 800 ಮಾಲೀಕರಿಗೆ ಇದು ಎರಡು ಪಟ್ಟು ಸತ್ಯ.

ಕಾರ್ಬೊರೇಟರ್ ಗಾಡಿಯವರು ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆದು ಚೋಕ್ ಎಳೆದಾಗ ಅದರ ತಟ್ಟೆ ಪೂರ್ತಿ ಮುಚ್ಚುತ್ತಾ, ಬಿಟ್ಟಾಗ ಪೂರ್ತಿ ತೆರೆಯುತ್ತಾ ನೋಡಲಿ. ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುವುದೇ ಹೆಚ್ಚು. ಕೀಲಿ ಆನ್ ಮಾಡಿದಾಗ ಐಡ್ಲಿಂಗ್ ಸೊಲೆನಾಯ್ಡ್ ಟಿಕ್ ಅನ್ನಬೇಕು. ಐಡ್ಲಿಂಗ್ ಜೆಟ್ ಊದಿಸಿ. ಮಿಕ್ಸ್ಚರ್ ಸ್ಕ್ರೂ ಮುಟ್ಟಲೇಬೇಕಾದರೆ ಮೊದಲು ಪೂರ್ತಿ ಒಳಗೆ ಎಷ್ಟು ಸುತ್ತು ಹೋಗುತ್ತೆ ಎಣಿಸಿ ಬರೆದಿಟ್ಟುಕೊಳ್ಳಿ, ವಾಪಸ್ ಬರುವ ದಾರಿ ಇರಲಿ.

ಇಷ್ಟಾದರೂ ನಿಲ್ಲದಿದ್ದರೆ

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಒಂದು ಕೆ.ಜಿ.ಗಿಂತ ಹೆಚ್ಚಾದರೆ ಕಾರಣ ಹುಡುಕಬೇಕು. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸಂದು, ಬಹಳ ವರ್ಷದಿಂದ ಸೆಟ್ ಮಾಡಿಸಿಲ್ಲದಿದ್ದರೆ ಮೊದಲು ಅದು. ಬೆಳಿಗ್ಗೆ ಮೊದಲ ನಿಮಿಷ ಮಾತ್ರ ಒಂದು ಸಿಲಿಂಡರ್ ಸತ್ತು, ಬಿಳಿ ಹೊಗೆ ಬಂದು, ಆಮೇಲೆ ಸರಿಹೋಗಿ, ಕೂಲಂಟ್ ವಾರಕ್ಕಿಷ್ಟು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ರಾತ್ರಿ ಸಿಲಿಂಡರಿಗೆ ನೀರು ಬಿಡುತ್ತಿದೆ. ಅಂಥ ಗಾಡಿ ಓಡಿಸುತ್ತಾ ಹೋಗಬೇಡಿ.

ನನ್ನ ಝೆನ್‌ಗೆ ಹೊಸ ಥರ್ಮೋಸ್ಟಾಟ್, ಹೊಸ ಸೆನ್ಸರ್, ಒರೆಸಿದ ಪ್ಲಗ್ಗುಗಳು, ಕೂಲಂಟ್ ಇಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಆರ್‌ಪಿಎಂ ಏರಿ ಮೆಲ್ಲಗೆ ಇಳಿಯಿತು, ಗಣಪತಿ ತಲೆ ಆಡಿಸಲಿಲ್ಲ. ಮಿಸ್ತ್ರಿ ಕೂಲಿ ತಗೊಳ್ಳುವಾಗ ಕಿತ್ತ ಸೆನ್ಸರ್ ನನ್ನ ಕೈಗಿಟ್ಟು "ಇದು ನಿಮ್ಮ ಬೋರ್ ನೀರು ನೋಡ್ರಿ" ಅಂದರು, ಸುಣ್ಣದ ಕಡ್ಡಿಯ ಹಾಗಿತ್ತು.

ಗ್ಯಾರೇಜಿನಲ್ಲಿ ರಾತ್ರಿ ಬಿಡುವವರಿಗೆ ಒಂದು ಕಿವಿಮಾತು. ನಾನು ಮೊದಲ ಸಲ ಬಿಟ್ಟಾಗ ಬೆಳಿಗ್ಗೆ ಏಳೂವರೆಗೆ ಬಂದ ಕೆಲಸದ ಹುಡುಗ ಕಸ ಗುಡಿಸಲು ಗಾಡಿ ಸ್ಟಾರ್ಟ್ ಮಾಡಿ ಪಕ್ಕಕ್ಕೆ ನಿಲ್ಲಿಸಿದ. ಮಿಸ್ತ್ರಿ ಎಂಟೂವರೆಗೆ ಬಂದು ಬಾನೆಟ್ ಮುಟ್ಟಿ ನೋಡಿ ತಲೆ ಚಚ್ಚಿಕೊಂಡರು, ಒಂದು ದಿನ ದಂಡ. ಎರಡನೇ ರಾತ್ರಿ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.